ಹೊಗೆ ಹೋಯಿತು, ಬೆಳಕಿಂಡಿಯೂ ಹೋಯಿತು

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಕಿಟಕಿಗಳು ಕಡಿಮೆ, ಇದ್ದರೂ ಸಣ್ಣವು. ಬೇಸಿಗೆಯ ಝಳ ಒಳಗೆ ಬರಬಾರದೆಂದು ಗೋಡೆಯೂ ದಪ್ಪ, ಮೇಲಿನ ಮಣ್ಣೂ ದಪ್ಪ. ಆದರೆ ಒಲೆ ಇರುವ ಕಡೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇದ್ದೇ ಇರುತ್ತಿತ್ತು. ಮಳೆ ಬಂದರೆ ಮುಚ್ಚುತ್ತಿದ್ದರು, ನಿಂತ ಕೂಡಲೇ ತೆಗೆಯುತ್ತಿದ್ದರು. ತೆಗೆಯದಿದ್ದರೆ ಹೊಗೆಗೆ ಯಾರೂ ಒಳಗೆ ನಿಲ್ಲುವಂತಿರಲಿಲ್ಲ. ಆಮೇಲೆ ಗ್ಯಾಸ್ ಬಂತು. 2016ರಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲಂತೂ ಹಳ್ಳಿಗಳಲ್ಲೂ ಸಿಲಿಂಡರ್ ಮಾಮೂಲಾಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದ ಹತ್ತರಲ್ಲಿ ಸುಮಾರು ಎಂಟು ಮನೆಗಳು ಅಡುಗೆಗೆ ಗ್ಯಾಸಿನಂಥ ಸ್ವಚ್ಛ ಇಂಧನ ಬಳಸುತ್ತಿದ್ದವು. ಹೆಣ್ಣುಮಕ್ಕಳ ಕಣ್ಣು ಮತ್ತು ಶ್ವಾಸಕೋಶಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಇತ್ತೀಚೆಗೆ ಮತ್ತೊಂದು ಆಗಿಲ್ಲ. ಆದರೆ ಹೊಗೆ ಕಾಣದಾದ ಮೇಲೆ ಬೆಳಕಿಂಡಿ ಯಾಕೆ ಎನಿಸಿತು. ಮಾಳಿಗೆಯ ಜಾಗಕ್ಕೆ ಬಂದ ಆರ್‌ಸಿಸಿ ಚಾವಣಿಯಲ್ಲಿ ಕಿಂಡಿ ಇಲ್ಲ, ತಗಡಿನ ಶೆಡ್ಡಿನಲ್ಲಿ ಇಲ್ಲ, ಊರಿನ ಬಾಡಿಗೆ ಕೋಣೆಯಲ್ಲಿ ಮೊದಲೇ ಇಲ್ಲ. ಉರಿಗೆ ಗಾಳಿ ಬೇಕು, ಉರಿದ ಗಾಳಿ ಹೊರಗೆ ಹೋಗಬೇಕು ಎಂಬ ನಿಯಮ ಮಾತ್ರ ಇಂಧನ ಬದಲಾದ ಕೂಡಲೇ ಬದಲಾಗಲಿಲ್ಲ. ಗಾಳಿಯ ದಾರಿಯನ್ನೂ ಒಲೆಯ ಒಂದು ಭಾಗವೆಂದೇ ಎಣಿಸಬೇಕು, ಬರ್ನರ್ ಇಲ್ಲದೆ ಒಲೆ ಹೇಗೆ ಅಪೂರ್ಣವೋ ಕಿಂಡಿ ಇಲ್ಲದೆಯೂ ಹಾಗೆಯೇ ಅಪೂರ್ಣ ಎಂಬುದು ಈ ಲೇಖನದ ವಾದ.

ಅಡುಗೆ ಗ್ಯಾಸ್ ಎಂದರೆ ಪ್ರೋಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಸಾಕಷ್ಟು ಆಮ್ಲಜನಕ ಸಿಕ್ಕರೆ ಅದು ಉರಿದು ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿಯಾಗುತ್ತದೆ. ಒಂದು ಕಿಲೋ ಗ್ಯಾಸ್ ಪೂರ್ತಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಆಮ್ಲಜನಕ ಕಡಿಮೆ ಬಿದ್ದಾಗ, ಅಥವಾ ಉರಿ ಪೂರ್ತಿಯಾಗುವ ಮೊದಲೇ ತಣ್ಣಗಾದಾಗ, ಒಂದಷ್ಟು ಇಂಗಾಲ ಅರ್ಧದಲ್ಲೇ ನಿಂತು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಾಗುತ್ತದೆ. ಇದಕ್ಕೆ ದಾರಿಗಳು ಹಲವು, ಎಲ್ಲವೂ ಮನೆಯಲ್ಲಿ ದಿನಾ ಕಾಣುವಂಥವೇ. ಅನ್ನ ಉಕ್ಕಿ ಬರ್ನರಿನ ತೂತುಗಳು ಕಟ್ಟಿಕೊಳ್ಳುವುದು, ಜೆಟ್ಟಿನಲ್ಲಿ ಕಸ ಸೇರುವುದು, ಬರ್ನರಿನ ತಟ್ಟೆ ಓರೆಯಾಗಿ ಕೂರುವುದು, ದೊಡ್ಡ ಪಾತ್ರೆ ಉರಿಯನ್ನೇ ಅದುಮಿದಂತೆ ಕೂತು ಪಕ್ಕದಿಂದ ಗಾಳಿ ಬರದಂತಾಗುವುದು. ತಣ್ಣೀರು ತುಂಬಿದ ಅಗಲ ತಳದ ಪಾತ್ರೆಗೆ ಉರಿ ತಾಗಿದಾಗಲೂ ಉರಿಯ ತುದಿ ತಣಿದು ಈ ಅನಿಲ ಹುಟ್ಟುತ್ತದೆ. ಉರಿ ಹಳದಿಯಾಗುವುದು, ಪಾತ್ರೆಯ ತಳಕ್ಕೆ ಮಸಿ ಹಿಡಿಯುವುದು ಇದರ ಸೂಚನೆ. ಆದರೆ ನೀಲಿ ಉರಿ ಕಂಡ ಮಾತ್ರಕ್ಕೆ ನಿಶ್ಚಿಂತೆಯಾಗಿ ಕೂರುವಂತಿಲ್ಲ. ಮುಚ್ಚಿದ ಕೋಣೆಯಲ್ಲಿ ಒಲೆ ಬಹಳ ಹೊತ್ತು ಉರಿದರೆ ಕೋಣೆಯ ಆಮ್ಲಜನಕವೇ ಇಳಿಯುತ್ತದೆ. ಆಗ ಚೆನ್ನಾಗಿರುವ ಒಲೆಯೂ ಕೆಟ್ಟ ಒಲೆಯಂತೆ ಉರಿಯತೊಡಗುತ್ತದೆ.

ಇದು ಎಷ್ಟರ ಮಟ್ಟಿನ ಮಾತು ಎಂದು ಒಂದು ಲೆಕ್ಕ ಹಾಕಿ ನೋಡಬಹುದು. ಹತ್ತು ಅಡಿ ಅಗಲ, ಹತ್ತು ಅಡಿ ಉದ್ದ, ಒಂಬತ್ತು ಅಡಿ ಎತ್ತರದ ಕೋಣೆಯಲ್ಲಿ ಸುಮಾರು 25 ಘನ ಮೀಟರ್ ಗಾಳಿ ಇರುತ್ತದೆ. ದೊಡ್ಡ ಬರ್ನರ್ ಒಂದು ತಾಸು ಜೋರಾಗಿ ಉರಿದರೆ ಸುಮಾರು 200 ಗ್ರಾಂ ಗ್ಯಾಸ್ ಖರ್ಚಾಗುತ್ತದೆ ಎಂದಿಟ್ಟುಕೊಳ್ಳೋಣ. ಅದರಿಂದ ಸುಮಾರು 600 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಮನೆಬಳಕೆಯ ಗ್ಯಾಸ್ ಒಲೆಗಳಿಗೆ ಭಾರತೀಯ ಮಾನಕ ಸಂಸ್ಥೆ ಇಟ್ಟಿರುವ ಮಿತಿಯ ಪ್ರಕಾರ, ಹೊರಬರುವ ಅನಿಲದಲ್ಲಿ ಡೈಆಕ್ಸೈಡಿನ ನೂರು ಪಾಲಿಗೆ ಮಾನಾಕ್ಸೈಡ್ ಎರಡು ಪಾಲು ಮೀರಬಾರದು. ಒಲೆಯೊಂದು ಆ ಮಿತಿಯ ಅಂಚಿನಲ್ಲೇ ಉರಿಯುತ್ತಿದೆ, ಕೋಣೆಯಲ್ಲಿ ಗಾಳಿ ಒಂದಿಷ್ಟೂ ಆಡುತ್ತಿಲ್ಲ ಎಂದುಕೊಂಡರೆ, ತಾಸಿನ ಕೊನೆಗೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇನ್ನೂರೈವತ್ತರಷ್ಟು ಭಾಗ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಒಂದು ತಾಸಿಗೆ ಇಟ್ಟಿರುವ ಮಿತಿ ಘನ ಮೀಟರಿಗೆ 35 ಮಿಲಿಗ್ರಾಂ, ಅಂದರೆ ಹತ್ತು ಲಕ್ಷದಲ್ಲಿ ಸುಮಾರು ಮೂವತ್ತು ಭಾಗ. ನಿಜವಾದ ಕೋಣೆ ಇಷ್ಟು ಬಿಗಿಯಾಗಿ ಮುಚ್ಚಿರುವುದಿಲ್ಲ, ಒಳ್ಳೆಯ ಹೊಸ ಒಲೆ ಆ ಮಿತಿಗಿಂತ ಬಹಳ ಕಡಿಮೆಯೇ ಬಿಡುತ್ತದೆ, ನಿಜ. ಹಾಗಿದ್ದರೂ ಈ ಲೆಕ್ಕದಿಂದ ಒಂದು ಸಂಗತಿ ಸ್ಪಷ್ಟ. ನಮ್ಮನ್ನು ದಿನಾ ಕಾಯುತ್ತಿರುವುದು ಒಲೆಯ ಗುಣ ಒಂದೇ ಅಲ್ಲ. ಬಾಗಿಲ ಸಂದು, ತಗಡಿನ ಬಿರುಕು, ಅರೆತೆರೆದ ಕಿಟಕಿ ಕೂಡ ಆ ಕೆಲಸವನ್ನು ಹಂಚಿಕೊಂಡಿವೆ. ಒಂದು ದಿನ ಚಳಿಗೋ ಮಳೆಗೋ ಅವನ್ನೆಲ್ಲ ಮುಚ್ಚಿದರೆ ಕಾವಲು ಅಷ್ಟಕ್ಕೇ ಮುಗಿಯಿತು.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಬಹಳ ಜನರ ತಿಳಿವಳಿಕೆ ತಪ್ಪುವುದು ಇಲ್ಲಿಯೇ. ಗ್ಯಾಸ್ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಆ ನಾತ ಗ್ಯಾಸಿನದ್ದಲ್ಲ, ಸೋರಿಕೆ ತಿಳಿಯಲೆಂದೇ ಕಂಪನಿಯವರು ಬೆರೆಸುವ ಮರ್‌ಕ್ಯಾಪ್ಟನ್ ಎಂಬ ರಾಸಾಯನಿಕದ್ದು. ಉರಿದ ಗ್ಯಾಸಿನಲ್ಲಿ ಅದೂ ಉರಿದು ಹೋಗಿರುತ್ತದೆ. ಹೀಗಾಗಿ ಸೋರಿಕೆಗೆ ಎಚ್ಚರಾಗಿರುವ ಮನೆ ಕೂಡ ಇದರ ಮಟ್ಟಿಗೆ ಕುರುಡು. ಉಸಿರಿನೊಂದಿಗೆ ಒಳಹೊಕ್ಕ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟುಗಳನ್ನೆಲ್ಲ ಟಿಕೆಟ್ಟಿಲ್ಲದವರೇ ಹಿಡಿದು ಕೂತಂತೆ, ಆಮ್ಲಜನಕ ಎದುರಿಗೇ ಇದ್ದರೂ ಅದಕ್ಕೆ ಹತ್ತಲು ಜಾಗವಿರುವುದಿಲ್ಲ. ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಉಸಿರು ಕಟ್ಟಿದಂತಾಗಿ ಮನುಷ್ಯ ಚಡಪಡಿಸುತ್ತಾನೆ, ಮಾನಾಕ್ಸೈಡ್ ಹಾಗೆ ಚಡಪಡಿಕೆಯನ್ನೂ ತರುವುದಿಲ್ಲ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ, ಕೈಕಾಲಿನಲ್ಲಿ ಸೋಲು, ಮಂಪರು. ಎದ್ದು ಬಾಗಿಲು ತೆಗೆಯಬೇಕೆಂದು ಹೊಳೆಯುವ ಹೊತ್ತಿಗೆ ಎದ್ದೇಳುವ ಶಕ್ತಿ ಉಳಿದಿರುವುದಿಲ್ಲ. ಸ್ಕಾಟ್ಲೆಂಡಿನ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ 1890ರ ದಶಕದಲ್ಲಿ ಗಣಿ ಕಾರ್ಮಿಕರ ಸಾವುಗಳನ್ನು ಪರಿಶೀಲಿಸಿ ಇದೇ ಅನಿಲದ ಕೈವಾಡವನ್ನು ತೋರಿಸಿದರು. ಮನುಷ್ಯರಿಗಿಂತ ಮೊದಲೇ ಕುಸಿಯುವ ಪುಟ್ಟ ಪ್ರಾಣಿ, ಹಕ್ಕಿಗಳನ್ನು ಗಣಿಯೊಳಗೆ ಒಯ್ಯಲು ಹೇಳಿದವರೂ ಅವರೇ. ಕಣ್ಣು ಮೂಗುಗಳು ಸುಳಿವು ಕೊಡದಿರುವಾಗ ಬೇರೆ ಏನಾದರೂ ಕೊಡಬೇಕೆಂಬುದು ಆಗಲೇ ತಿಳಿದಿತ್ತು.

ಇಲ್ಲಿ ಭಯವನ್ನು ಅಳತೆ ಮೀರಿ ಬೆಳೆಸಬಾರದು. ಕರ್ನಾಟಕದಲ್ಲಿ ವರದಿಯಾಗುವ ಇಂಥ ಸಾವುಗಳಲ್ಲಿ ಎದ್ದು ಕಾಣುವವು ಅಡುಗೆ ಒಲೆಯಿಂದ ಆದವಲ್ಲ, ಸ್ನಾನದ ಮನೆಯ ಗ್ಯಾಸ್ ಗೀಸರ್ ಮತ್ತು ಮುಚ್ಚಿದ ಕೋಣೆಯ ಇದ್ದಿಲಿನಿಂದ ಆದವು. 2025ರ ಅಕ್ಟೋಬರಿನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆ ಹೋದ ಇಬ್ಬರು ಅಕ್ಕತಂಗಿಯರು ಗೀಸರಿನ ಅನಿಲಕ್ಕೆ ಬಲಿಯಾದರು. ಮರು ತಿಂಗಳು ಬೆಳಗಾವಿಯ ಅಮನ್ ನಗರದಲ್ಲಿ ಇದ್ದಿಲು ಉರಿಸಿಟ್ಟು ಬಾಗಿಲು ಮುಚ್ಚಿ ಮಲಗಿದ್ದ ಮೂವರು ಯುವಕರು ಬೆಳಗಾಗುವಷ್ಟರಲ್ಲಿ ಇರಲಿಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿ ಕೇರಳದ ಎಂಟು ಪ್ರವಾಸಿಗಳು, ಅವರಲ್ಲಿ ನಾಲ್ವರು ಮಕ್ಕಳು, ಗ್ಯಾಸ್ ಹೀಟರ್ ಹಚ್ಚಿ ಕೋಣೆ ಮುಚ್ಚಿಕೊಂಡು ಮಲಗಿ ಪ್ರಾಣ ಕಳೆದುಕೊಂಡರು. ಈ ಮೂರರಲ್ಲೂ ಉಪಕರಣ ಬೇರೆ, ಇಂಧನವೂ ಒಂದೇ ಅಲ್ಲ. ಸಮಾನವಾಗಿರುವುದು ಒಂದು ಉರಿ, ಒಂದು ಸಣ್ಣ ಜಾಗ, ಮುಚ್ಚಿದ ಬಾಗಿಲು. ಗೀಸರ್ ಅಪಾಯಕಾರಿಯಾಗುವುದು ಅದು ಗ್ಯಾಸಿನದ್ದೆಂಬ ಕಾರಣಕ್ಕಲ್ಲ, ದೊಡ್ಡ ಉರಿಯನ್ನು ಮನೆಯ ಅತಿ ಚಿಕ್ಕ ಕೋಣೆಯೊಳಗೆ ಇಟ್ಟದ್ದಕ್ಕೆ. ಅಡುಗೆಮನೆಯನ್ನೂ ಮಲಗುವ ಕೋಣೆಯನ್ನೂ ಒಂದೇ ಮಾಡಿ ಅದಕ್ಕಿರುವ ಒಂದೇ ಕಿಟಕಿಯನ್ನು ಮುಚ್ಚಿದರೆ, ಸಾಮಾನ್ಯ ಒಲೆಯೂ ಆ ಸ್ಥಿತಿಯ ಹತ್ತಿರ ಹೋಗುತ್ತದೆ.

ಹಾಗೆ ಬದುಕುವವರು ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಸ್ವಲ್ಪ ಜನರಲ್ಲ. ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳ ಹಿಂದಿನ ಸಾಲು ಕೋಣೆಗಳು, ಗಿಣಿಗೇರಿ ಸುತ್ತಿನ ಕಾರ್ಖಾನೆಗಳಿಗೆ ದೂರದ ರಾಜ್ಯಗಳಿಂದ ಬಂದವರ ಶೆಡ್ಡುಗಳು, ಕೊಪ್ಪಳದಲ್ಲಿ ಕಾಲೇಜಿಗೆಂದು ಬಂದು ಮೂರು ನಾಲ್ಕು ಮಂದಿ ಕೂಡಿ ಹಿಡಿದ ರೂಮುಗಳು. ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಂದ ಬೆಂಗಳೂರು, ಮಂಗಳೂರು, ಗೋವಾಕ್ಕೆ ಗುಳೆ ಹೋಗುವ ಕುಟುಂಬಗಳು ಕಟ್ಟಡದ ಪಕ್ಕದ ತಗಡಿನ ಗುಡಿಸಲಿನಲ್ಲಿ ಒಲೆಯ ಮಗ್ಗುಲಲ್ಲೇ ಮಕ್ಕಳನ್ನು ಮಲಗಿಸುತ್ತವೆ. ಇದರ ಜೊತೆಗೆ ನಮ್ಮ ಊಟದ ಕ್ರಮವೂ ಸೇರಬೇಕು. ಜೋಳದ ರೊಟ್ಟಿ ಐದು ನಿಮಿಷದ ಅಡುಗೆಯಲ್ಲ. ನಾಲ್ಕಾರು ಜನರ ಮನೆಯಲ್ಲಿ ಹಂಚು ಇಳಿಯುವ ಹೊತ್ತಿಗೆ ತಾಸಾಗಿರುತ್ತದೆ. ಖಾನಾವಳಿಗೆ, ಮದುವೆ ಮನೆಗೆ ಲೆಕ್ಕದ ಮೇಲೆ ರೊಟ್ಟಿ ಮಾಡಿಕೊಡುವ ಹೆಣ್ಣುಮಕ್ಕಳಂತೂ ಎರಡು ಮೂರು ಒಲೆ ಹಚ್ಚಿಕೊಂಡು ಅರ್ಧ ದಿನ ಉರಿಯ ಮುಂದೆಯೇ ಕೂರುತ್ತಾರೆ. ಚಳಿಗಾಲದಲ್ಲಿ ಜಳಕದ ನೀರನ್ನೂ ಗ್ಯಾಸಿನ ಮೇಲೆ ದೊಡ್ಡ ಪಾತ್ರೆಯಲ್ಲಿ ಕಾಯಿಸುವ ಮನೆಗಳಿವೆ. ಇವರಲ್ಲಿ ಸಾಯುವ ಅಪಾಯ ಕಡಿಮೆಯಿರಬಹುದು. ಆದರೆ ದಿನಾ ಸಂಜೆ ಬರುವ ತಲೆನೋವನ್ನು ಪಿತ್ತ ಎಂದೋ, ಬಿಸಿಲೆಂದೋ, ಉಪವಾಸವೆಂದೋ ಕರೆದು ಗುಳಿಗೆ ನುಂಗುವವರಲ್ಲಿ ಎಷ್ಟೋ ಜನಕ್ಕೆ ಕಾರಣ ಎದುರಿನ ಒಲೆಯಲ್ಲೇ ಇರಬಹುದು. ತಿಳಿಯುವ ದಾರಿ ಸರಳ. ಹೊರಗೆ ಕಟ್ಟೆಗೆ ಬಂದು ಕೂತರೆ ಹಗುರಾಗುವ, ಒಳಗೆ ಹೋದರೆ ಮರಳುವ, ಮನೆಯ ಇಬ್ಬರು ಮೂವರಿಗೆ ಒಟ್ಟಿಗೇ ಬರುವ ತಲೆನೋವನ್ನು ಪಿತ್ತವೆಂದು ತಳ್ಳಿಹಾಕಬಾರದು.

ಒಲೆಗಿಂತ ಹೆಚ್ಚು ಆತಂಕ ಹುಟ್ಟಿಸುವ ಜಾಗವೊಂದು ನಮ್ಮ ಮನೆಗಳಲ್ಲಿದೆ, ಅದು ಬಾಣಂತಿಯ ಕೋಣೆ. ತಾಯಿ ಮಗುವಿಗೆ ಗಾಳಿ ತಾಗಬಾರದೆಂದು ಕಿಟಕಿಗೆ ಬಟ್ಟೆ ತುರುಕಿ, ಹೊರಸಿನ ಕೆಳಗೆ ಕೆಂಡದ ಶಗಡಿ ಇಟ್ಟು ಕಾಸುವ ಪದ್ಧತಿ ಉತ್ತರ ಕರ್ನಾಟಕದಲ್ಲಿ ಇನ್ನೂ ಇದೆ. ಹಿಂದಿನ ಮಾಳಿಗೆ ಮನೆಯಲ್ಲಿ ಅದಕ್ಕೊಂದು ಬೆಳಕಿಂಡಿಯಾದರೂ ಇತ್ತು, ಈಗ ಅದೇ ಶಗಡಿ ಆರ್‌ಸಿಸಿ ಕೋಣೆಗೆ ಬಂದಿದೆ. ಹೊಗೆಯಾಡದ ನಿಗಿನಿಗಿ ಕೆಂಡವನ್ನೇ ಒಳಗೆ ತರಬೇಕೆಂದು ಹಿರಿಯರು ಹೇಳುತ್ತಾರೆ. ಆ ಎಚ್ಚರಿಕೆ ಕಣ್ಣಿನ ಮಟ್ಟಿಗೆ ಸರಿ, ಉಸಿರಿನ ಮಟ್ಟಿಗೆ ಸಾಲದು. ಕೆಂಡ ಹೊಗೆಯಿಲ್ಲದೆ ಉರಿಯುವಾಗಲೇ ಕಾರ್ಬನ್ ಮಾನಾಕ್ಸೈಡನ್ನು ಧಾರಾಳವಾಗಿ, ಗ್ಯಾಸ್ ಒಲೆಗಿಂತ ಎಷ್ಟೋ ಪಟ್ಟು ಹೆಚ್ಚಾಗಿ ಬಿಡುತ್ತದೆ. ಹಸುಗೂಸು ತನ್ನ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಎಳೆದುಕೊಳ್ಳುತ್ತದೆ, ತಲೆನೋವೆಂದು ಹೇಳಲು ಅದಕ್ಕೆ ಬಾಯಿಲ್ಲ. ಗರ್ಭಿಣಿಯಾಗಿದ್ದಾಗಲೂ ಅಷ್ಟೆ. ತಾಯಿಯ ರಕ್ತದಿಂದ ಮಗುವಿಗೆ ದಾಟಿದ ಈ ಅನಿಲ ತಾಯಿಗಿಂತ ಮಗುವಿನಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಬಾಣಂತಿಗೆ ಬೆಚ್ಚಗಿರಬೇಕೆಂಬ ಕಾಳಜಿಯನ್ನು ಯಾರೂ ಅಲ್ಲಗಳೆಯಬೇಕಿಲ್ಲ. ಹೊರಗೆ ಕಾಸಿದ ಬಟ್ಟೆ, ಬಿಸಿನೀರಿನ ಚೀಲ, ಕಂಬಳಿ, ಕುಂಚಿಗೆ ಅದೇ ಬೆಚ್ಚನೆಯನ್ನು ಕೊಡುತ್ತವೆ. ಶಗಡಿ ಬೇಕೇ ಬೇಕೆನ್ನುವ ಮನೆಯಲ್ಲಿ, ಅದು ಒಳಗಿರುವಷ್ಟು ಹೊತ್ತು ಬಾಗಿಲು ಕಿಟಕಿ ತೆರೆದಿರಬೇಕು, ಮಲಗುವ ಮೊದಲು ಶಗಡಿ ಹೊರಗೆ ಹೋಗಬೇಕು. ಈ ಮಾತನ್ನು ಆಶಾ ಕಾರ್ಯಕರ್ತೆಯರು ಬಾಣಂತನದ ಭೇಟಿಯಲ್ಲಿ ಹೇಳುವಂತಾದರೆ, ಅದಕ್ಕಿಂತ ಕಡಿಮೆ ಖರ್ಚಿನ ಜೀವರಕ್ಷಣೆ ನನಗಂತೂ ಕಾಣುವುದಿಲ್ಲ.

ಇಷ್ಟು ವರ್ಷ ಹೀಗೇ ಅಡುಗೆ ಮಾಡಿದ್ದೇವೆ, ಏನೂ ಆಗಿಲ್ಲವಲ್ಲ ಎಂಬುದು ಎಲ್ಲರೂ ಎತ್ತುವ ಮೊದಲ ಮಾತು. ಅದು ಸುಳ್ಳಲ್ಲ. ಆದರೆ ಏನೂ ಆಗದಿದ್ದುದಕ್ಕೆ ಕಾರಣ ಕೇಳಬೇಕು. ಈ ಅವಘಡಕ್ಕೆ ನಾಲ್ಕಾರು ಸಂಗತಿಗಳು ಒಂದೇ ರಾತ್ರಿ ಕೂಡಬೇಕು. ಕಟ್ಟಿದ ಬರ್ನರ್, ದೊಡ್ಡ ಪಾತ್ರೆ, ಹೆಚ್ಚು ಹೊತ್ತಿನ ಉರಿ, ಮುಚ್ಚಿದ ಕಿಟಕಿ, ಅಲ್ಲೇ ಮಲಗಿದ ಜನ. ಇವುಗಳಲ್ಲಿ ಮೂರು ಈಗಾಗಲೇ ಬಹಳ ಮನೆಗಳಲ್ಲಿ ದಿನವೂ ಇವೆ. ಉಳಿದವು ಯಾವಾಗ ಬಂದು ಸೇರುತ್ತವೆಂದು ಹೇಳಲಾಗದು. ಹಿಂದಿನ ಅನುಭವದಿಂದ ಹಿಂದಿನ ಮನೆಯ ವಿಷಯ ತಿಳಿಯುತ್ತದೆ, ಹೊಸದಾಗಿ ಗಾಜಿನ ಕಿಟಕಿ, ಸ್ಟೀಲ್ ಬಾಗಿಲು ಹಾಕಿಸಿದ ಮನೆಯ ವಿಷಯ ತಿಳಿಯುವುದಿಲ್ಲ.

ಎರಡನೆಯ ಆಕ್ಷೇಪ ನಮ್ಮ ಸೀಮೆಯದ್ದೇ, ಮತ್ತು ತೂಕದ್ದು. ಗದಗ, ಕೊಪ್ಪಳದ ಬಯಲಿನಲ್ಲಿ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆಷಾಢದಲ್ಲಿ ಕಿಟಕಿ ತೆರೆದರೆ ಒಲೆ ಆರುತ್ತದೆ, ಹಿಟ್ಟಿನ ಮೇಲೆ ಧೂಳು ಕೂರುತ್ತದೆ. ಆರಿದ ಒಲೆಯಿಂದ ಗ್ಯಾಸ್ ಸೋರುವುದು ಬೇರೆ ಅಪಾಯ. ಹಾಗಾಗಿ ಸುಮ್ಮನೆ ‘ಕಿಟಕಿ ತೆರೆಯಿರಿ’ ಎಂದು ಹೇಳಿ ಹೋಗುವ ಉಪದೇಶ ಇಲ್ಲಿ ನಿಲ್ಲುವುದಿಲ್ಲ. ಉರಿಯ ಮಟ್ಟಕ್ಕೆ ನೇರವಾಗಿ ಬೀಸುವ ಗಾಳಿ ಬೇಕಾಗಿಲ್ಲ. ಬಿಸಿ ಗಾಳಿ ಮೇಲಕ್ಕೇರುತ್ತದೆ, ಮಾನಾಕ್ಸೈಡೂ ಅದರ ಜೊತೆ ಏರಿ ಕೋಣೆಯೆಲ್ಲ ಬೆರೆಯುತ್ತದೆ. ಆದ್ದರಿಂದ ಚಾವಣಿಯ ಹತ್ತಿರ ಒಂದು ಕಿಂಡಿ, ಎದುರು ಬದಿಯಲ್ಲಿ ಬಾಗಿಲ ಕೆಳಗೆ ಅಥವಾ ಗೋಡೆಯ ಬುಡದಲ್ಲಿ ಇನ್ನೊಂದು ಕಿಂಡಿ ಇದ್ದರೆ ಗಾಳಿ ತಾನಾಗಿ ಕೆಳಗಿಂದ ಒಳಬಂದು ಮೇಲಿಂದ ಹೊರಹೋಗುತ್ತದೆ. ಮೇಲಿನ ಕಿಂಡಿಗೆ ಮಳೆ ಗಾಳಿ ಹೊಡೆಯದಂತೆ ಓರೆಯ ತಗಡಿನ ಮರೆ ಸಾಕು. ಕೆಳಗಿನದ್ದಕ್ಕೆ ಇನ್ನೊಂದು ಉಪಯೋಗವಿದೆ. ಸೋರಿದ ಗ್ಯಾಸ್ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲೇ ಹರಿಯುತ್ತದೆ, ಅದಕ್ಕೂ ದಾರಿಯಾಗುತ್ತದೆ. ಸೊಳ್ಳೆಗೆ ಜಾಲರಿ ಹಾಕಬಹುದು, ಆದರೆ ಒಗ್ಗರಣೆಯ ಜಿಡ್ಡು ಹಿಡಿದು ತೂತು ಮುಚ್ಚಿದ ಜಾಲರಿ ಗೋಡೆಗೆ ಸಮ. ಬಾಗಿಲು ಕಿಟಕಿ ಎಲ್ಲ ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಒಂದನ್ನೇ ಓಡಿಸಿದರೂ ಹೆಚ್ಚು ಪ್ರಯೋಜನವಿಲ್ಲ. ಒಳಬರಲು ಗಾಳಿಯೇ ಇಲ್ಲದಾಗ ಅದು ಹೊರಗೆ ಹಾಕುವುದಾದರೂ ಏನನ್ನು?

ಇಷ್ಟೆಲ್ಲ ಅಪಾಯವಿದ್ದರೆ ಕಟ್ಟಿಗೆ ಒಲೆಯೇ ಮೇಲಲ್ಲವೇ ಎನ್ನುವವರೂ ಉಂಟು. ಖಂಡಿತ ಅಲ್ಲ. ಕಟ್ಟಿಗೆ, ಬೆರಣಿಯ ಉರಿ ಗ್ಯಾಸಿಗಿಂತ ಬಹಳ ಹೆಚ್ಚು ಮಾನಾಕ್ಸೈಡನ್ನೂ ಜೊತೆಗೆ ಹೊಗೆಯ ಕಣಗಳನ್ನೂ ಬಿಡುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸಿಲಿಂಡರ್ ಮುಗಿದಾಗ, ದುಡ್ಡು ಸಾಲದಾದಾಗ ಅದೇ ಕಿಂಡಿಯಿಲ್ಲದ ಹೊಸ ಅಡುಗೆಮನೆಯಲ್ಲಿ ಕಟ್ಟಿಗೆ ಹಚ್ಚುವುದು ಎರಡೂ ಕಾಲದ ಕೆಡುಕನ್ನು ಒಂದೆಡೆ ಕೂಡಿಸಿದಂತೆ. ವಿದ್ಯುತ್ತಿನ ಇಂಡಕ್ಷನ್ ಒಲೆಯಲ್ಲಿ ಉರಿಯೇ ಇಲ್ಲವಾದ್ದರಿಂದ ಈ ಅನಿಲದ ಪ್ರಶ್ನೆಯೇ ಬರುವುದಿಲ್ಲ. ವೈರಿಂಗ್ ಗಟ್ಟಿಯಿರುವ ವಿದ್ಯಾರ್ಥಿ ರೂಮುಗಳಿಗೆ ಅದು ಒಳ್ಳೆಯ ದಾರಿ. ಶೆಡ್ಡುಗಳಿಗೂ ರೊಟ್ಟಿಯ ಮನೆಗಳಿಗೂ ಸದ್ಯಕ್ಕೆ ಗ್ಯಾಸೇ ಗತಿ.

ಎಚ್ಚರಿಕೆಯ ಗಂಟೆಯ ವಿಷಯದಲ್ಲಿ ಒಂದು ಗೊಂದಲ ಬಿಡಿಸಬೇಕು. ಅಂಗಡಿಯಲ್ಲಿ ಗ್ಯಾಸ್ ಅಲಾರಂ ಎಂದು ಮಾರುವುದು ಸಾಮಾನ್ಯವಾಗಿ ಸೋರಿಕೆಯನ್ನು ಪತ್ತೆಹಚ್ಚುವ ಉಪಕರಣ, ಅದು ಕಾರ್ಬನ್ ಮಾನಾಕ್ಸೈಡನ್ನು ಗುರುತಿಸುವುದಿಲ್ಲ. ಎರಡೂ ಬೇಕೆಂದರೆ ಎರಡೂ ಇದೆಯೆಂದು ಬರೆದಿರುವುದನ್ನೇ ಕೇಳಿ ಕೊಳ್ಳಬೇಕು. ಸೋರಿಕೆಯದ್ದನ್ನು ನೆಲದ ಹತ್ತಿರ ಹಾಕುತ್ತಾರೆ, ಮಾನಾಕ್ಸೈಡಿನದ್ದನ್ನು ಮಲಗುವ ಜಾಗದ ಬಳಿ ಉಸಿರಾಡುವ ಎತ್ತರದಲ್ಲಿ. ದಿನಗೂಲಿಯ ಕುಟುಂಬಕ್ಕೆ ಅದು ದುಬಾರಿ. ಗೀಸರ್ ಇಟ್ಟಿರುವ ಲಾಡ್ಜು, ಹಾಸ್ಟೆಲ್, ಪಿಜಿ ನಡೆಸುವವರಿಗೆ ಮಾತ್ರ ಆ ನೆಪ ಒಪ್ಪುವಂಥದ್ದಲ್ಲ.

ಮನೆ ಕಟ್ಟುವವರ ಮತ್ತು ಬಾಡಿಗೆಗೆ ಕೊಡುವವರ ಪಾಲು ಇಲ್ಲಿ ದೊಡ್ಡದು. ಬಾಡಿಗೆದಾರ ಗೋಡೆಗೆ ಕಿಂಡಿ ಕೊರೆಯಲಾರ. ಒಣ ಬಿಸಿ ಹವೆಯ ಪ್ರದೇಶಗಳಲ್ಲಿ ಕೋಣೆಯ ನೆಲದ ವಿಸ್ತೀರ್ಣದ ಹತ್ತನೇ ಒಂದು ಭಾಗದಷ್ಟು ಗಾಳಿ ಬೆಳಕಿನ ತೆರಪು ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ನೂರು ಚದರ ಅಡಿಯ ಕೋಣೆಗೆ ಹತ್ತು ಚದರ ಅಡಿ, ಅಂದರೆ ಒಂದು ಸಾಧಾರಣ ಕಿಟಕಿ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ ಮನೆಗೂ ಕನಿಷ್ಠ 25 ಚದರ ಮೀಟರಿನಲ್ಲಿ ಅಡುಗೆಗೆ ಸ್ವಚ್ಛವಾದ ಪ್ರತ್ಯೇಕ ಜಾಗ ಇರಬೇಕೆಂಬ ನಿಯಮವಿದೆ. ಬಿಲ್ಲು ಮಂಜೂರು ಮಾಡುವ ಮೊದಲು ಫೋಟೊ ತೆಗೆಯುವ ಪಂಚಾಯಿತಿಯವರು ಒಲೆಯ ಮೇಲಿನ ಕಿಂಡಿಯದ್ದೂ ಒಂದು ಫೋಟೊ ಕೇಳಿದರೆ, ಕಟ್ಟುವಾಗಲೇ ಕೆಲಸ ಮುಗಿಯುತ್ತದೆ. ಆಮೇಲೆ ಕೊರೆಸುವ ಖರ್ಚಿಗಿಂತ ಆಗ ನಾಲ್ಕು ಇಟ್ಟಿಗೆ ಬಿಡುವುದು ಸುಲಭ. ಗ್ಯಾಸ್ ಏಜೆನ್ಸಿಯವರು ಸುರಕ್ಷತಾ ತಪಾಸಣೆಗೆ ಬಂದಾಗ ಪೈಪು, ರೆಗ್ಯುಲೇಟರ್ ನೋಡಿ ಸಹಿ ಹಾಕಿಸಿಕೊಳ್ಳುತ್ತಾರೆ. ಅವರು ಒಲೆ ಹಚ್ಚಿಸಿ ಉರಿಯ ಬಣ್ಣ ನೋಡಲಿ, ಕಿಟಕಿ ತೆರೆಯಿಸಿ ನೋಡಲಿ.

ಎಲ್ಲ ಎಚ್ಚರಿಕೆಯ ನಡುವೆಯೂ ಮುಚ್ಚಿದ ಕೋಣೆಯಲ್ಲಿ ಯಾರಾದರೂ ಮಂಪರಾಗಿ ಬಿದ್ದಿದ್ದರೆ, ಮೊದಲು ಬಾಗಿಲು ಕಿಟಕಿ ಪೂರ್ತಿ ತೆರೆದು, ಉರಿ ಆರಿಸಿ, ಅವರನ್ನು ಬಯಲಿಗೆ ಎಳೆದು ತರಬೇಕು. ಒಳಗೇ ಕೂತು ಮುಖಕ್ಕೆ ನೀರು ಚಿಮುಕಿಸುತ್ತ ಹೊತ್ತು ಕಳೆದರೆ ಎಬ್ಬಿಸಲು ಹೋದವರೂ ಬೀಳುತ್ತಾರೆ. 108ಕ್ಕೆ ಕರೆ ಮಾಡುವಾಗಲೇ ಗ್ಯಾಸ್ ಅಥವಾ ಇದ್ದಿಲು ಉರಿಯುತ್ತಿತ್ತೆಂದು ಹೇಳಬೇಕು, ಆಸ್ಪತ್ರೆಯಲ್ಲಿ ಮತ್ತೆ ಹೇಳಬೇಕು. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರನ್ನು ಇಲ್ಲಿ ನಂಬಬಾರದು. ಮಾನಾಕ್ಸೈಡ್ ಅಂಟಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಓದಿ 98, 99 ತೋರಿಸುತ್ತದೆ. ಅಂಕಿ ಚೆನ್ನಾಗಿದೆಯೆಂದು ರೋಗಿಯನ್ನು ಮನೆಗೆ ಕರೆತರುವುದು ಪ್ರಾಣಕ್ಕೇ ಎರವಾಗಬಹುದು. ಸಾಮಾನ್ಯ ಗಾಳಿಯಲ್ಲಿ ಈ ಅನಿಲದ ಅರ್ಧದಷ್ಟು ರಕ್ತದಿಂದ ಬಿಡಲು ನಾಲ್ಕೈದು ತಾಸು ಬೇಕಾದರೆ, ಮಾಸ್ಕಿನ ಮೂಲಕ ಪೂರ್ಣ ಆಮ್ಲಜನಕ ಕೊಟ್ಟಾಗ ಒಂದು, ಒಂದೂವರೆ ತಾಸು ಸಾಕು. ಆದ್ದರಿಂದ ಎಚ್ಚರವಾದ ಕೂಡಲೇ ಎಲ್ಲ ಮುಗಿಯಿತೆಂದುಕೊಳ್ಳದೆ, ಅದೇ ಕೋಣೆಯಲ್ಲಿ ಮಲಗಿ ಬರೀ ತಲೆನೋವೆಂದವರನ್ನೂ ಜೊತೆಗೇ ತೋರಿಸಬೇಕು. ಕೆಲವರಲ್ಲಿ ಮರೆವು, ನಡಿಗೆಯ ತೊಡಕು, ಸ್ವಭಾವದ ಬದಲಾವಣೆ ವಾರಗಳ ನಂತರ ಕಾಣಿಸಿಕೊಳ್ಳುವುದುಂಟು. ಆಗ ವೈದ್ಯರಿಗೆ ಹಿಂದಿನ ಆ ರಾತ್ರಿಯ ಮಾತನ್ನೂ ಬಿಡದೆ ಹೇಳಬೇಕಾಗುತ್ತದೆ.